ಚುಪ್‌ಶಾನ ಗಾಜಿನ ಮಹಲು

೪ ಫೆಬ್ರವರಿ ೨೦೨೫, ಮಂಗಳವಾರ

ಕೂಡಿರಿ ಮಹಾಜನರೇ, ಕೂಡಿರಿ! ಮುಂದೆ ಚಾಪೆಯ ಮೇಲೆ ಕುಳಿತ ಹಿರಿಯರೇ, ಹಿಂದೆ ಬಂಡಿಯ ಮೇಲೆ ಕಾಲು ಇಳಿಬಿಟ್ಟ ಗೌಡರೇ, ಸೆರಗಿನಲ್ಲಿ ನಗೆ ಮುಚ್ಚಿಕೊಂಡ ತಾಯಂದಿರೇ, ಬೇವಿನ ಗಿಡ ಹತ್ತಿ ಪುಕ್ಕಟೆ ನಾಟಕ ನೋಡುವ ಪುಂಡರೇ! ಬೀಡಿ ಆರಿಸಿರಿ. ಅಳುವ ಕೂಸನ್ನು ಸಮಾಧಾನ ಮಾಡಿರಿ. ಇಗೋ, ದೇವದುರ್ಗದ ಬಂದೇನವಾಜ್ ಮಾಸ್ತರ ರಂಗವನ್ನೇರಿದ್ದಾನೆ!

ಚಪ್ಪಾಳೆ ಇಲ್ಲ. ಎಲ್ಲಿಂದ ಬಂದೀತು? ಇದು ರಾಯಚೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿ. ಪಡಸಾಲೆಯಲ್ಲಿ ನಾನೊಬ್ಬ, ಎದುರಿಗೆ ಮಂಚದುದ್ದದ ಅಕ್ವೇರಿಯಂ, ಅದರೊಳಗೆ ಒಂದೇ ಒಂದು ಮೀನು. ಆ ಮೀನೂ ನನಗೆ ಬೆನ್ನು ತೋರಿಸಿ ನಿಂತಿದೆ.

ಮನೆಯಲ್ಲಿ ನಾವಾಡುವುದು ದಖನಿ ಉರ್ದು. ಆದರೆ ಹೊಟ್ಟೆಯಾಳದಿಂದ ಮಾತು ಹೊರಡಬೇಕಾದರೆ ನನಗೆ ಕನ್ನಡವೇ ಬೇಕು. ಹಳ್ಳಿ ಹಳ್ಳಿ ತಿರುಗಿ, ಹಾರ್ಮೋನಿಯಂ ಮುಂದಿಟ್ಟುಕೊಂಡು, ಎರಡು ತಲೆಮಾರಿನ ಹುಡುಗರಿಗೆ ನಾಟಕ ಕಲಿಸಿದ ಬಾಯಿ ಇದು. ಮೈಕು ಕೈಕೊಟ್ಟ ರಾತ್ರಿಗಳಲ್ಲಿ ಊರಾಚೆಯ ಕಣದವರೆಗೂ ನನ್ನ ರಾಕ್ಷಸ ರಾಜನ ಅಬ್ಬರ ಕೇಳುತ್ತಿತ್ತು. ಈಗ ಕೇಳುವವರಿಲ್ಲ. ಅದಕ್ಕೇ ಬರೆಯಲು ಕುಳಿತೆ. ಗಂಟಲು ಹೇಗಾದರೂ ಸವೆಯಲೇಬೇಕಲ್ಲ.

ಕಥಾಸಾರ ಕೇಳಿರಿ. ನನ್ನ ಹೆಂಡತಿ ಮಹಬೂಬಿಗೆ ಚಳಿಗಾಲದ ಮೊದಲಲ್ಲಿ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಆಸ್ಪತ್ರೆಯಿಂದ ಬಂದವಳನ್ನು ಕೆಲವು ದಿನ ಇಲ್ಲಿಯೇ ಇಟ್ಟುಕೊಂಡೆ. ಈ ಕಟ್ಟಡದಲ್ಲಿ ಲಿಫ್ಟಿಗೆಂದು ಬಿಟ್ಟ ಗುಂಡಿಯಿದೆ, ಲಿಫ್ಟು ಬರಲಿಲ್ಲ; ಅದರೊಳಗೆ ಮಂದಿಯ ಹಳೆ ಕೂಲರುಗಳು ಬಿದ್ದಿವೆ. ಡಾಕ್ಟರ ಕಡೆ ಹೋಗುವುದಕ್ಕೆಲ್ಲ ಮೆಟ್ಟಿಲೇ ಗತಿ. ಕೊನೆಗೆ ಮಗಳು ಹುಮೇರಾ ಮಾನ್ವಿಯಿಂದ ಬಂದಳು. ಅವಳೂ ಅಳಿಯ ವಸೀಮನೂ ತಾಯಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ, ದುಪಟ್ಟಾದಿಂದ ಕಟ್ಟಿ, ಮೆಟ್ಟಿಲ ಮೇಲೆ ಇಳಿಸಿಕೊಂಡು ಹೋದರು. ಮಾನ್ವಿಯಲ್ಲಿ ಅವರದು ನೆಲದ ಮನೆ. ಹಿಂದಿನ ಖೋಲಿ ನಮಗಾಗಿ ಖಾಲಿ ಮಾಡಿದ್ದಾರೆ.

ಕುರ್ಚಿ ಎರಡನೇ ಮಹಡಿಯ ತಿರುವಿಗೆ ಬಂದಾಗ ಮಹಬೂಬಿ ಎಡಗೈ ಎತ್ತಿ ಮೇಲೆ ತೋರಿಸಿದಳು. ನನಗೆ ತಿಳಿಯಿತು. ಮೀನು! ನಾನು ಮೆಟ್ಟಿಲ ನೆತ್ತಿಯ ಮೇಲೆ ನಿಂತು, ಇಡೀ ಕಟ್ಟಡದ ಬಾಗಿಲುಗಳು ತೆರೆಯುವಂತೆ ಶಪಥ ಮಾಡಿದೆ: "ಮಹಬೂಬೀ! ನಿನ್ನ ಮೀನನ್ನು ನಿನ್ನ ಕಣ್ಣೆದುರು ತಂದು ನಿಲ್ಲಿಸದೆ ಈ ಬಂದೇನವಾಜ್ ನಿನಗೆ ಮುಖ ತೋರಿಸಲಾರ!"

ಎರಡನೇ ಮಹಡಿಯ ದುರ್ಗಾ ಟೀಚರ್ ಕಣ್ಣೊರೆಸಿಕೊಂಡರು. ಒಳ್ಳೆಯ ದೃಶ್ಯ. ಈ ತಿಂಗಳು ಮುಗಿಯುವುದರೊಳಗೆ, ರಮಜಾನಿನ ಚಂದ್ರ ಕಾಣುವ ಮೊದಲು, ನಾನು ಮನೆ ಬಿಡಬೇಕು. ಬೇರೆ ಬಾಡಿಗೆಯವರು ಬರುತ್ತಾರೆ.

ಒಂದೇ ವಿಘ್ನ. ಈ ಅಕ್ವೇರಿಯಂ ಮೆಟ್ಟಿಲು ಹತ್ತಿ ಬಂದದ್ದಲ್ಲ. ಗಾಜಿನ ಹಲಗೆಗಳು ಒಂದೊಂದಾಗಿ ಮೇಲೆ ಬಂದವು. ನಯೀಮ್ ಎಂಬ ಗಾಜಿನ ಅಂಗಡಿಯವನು ಇದೇ ಪಡಸಾಲೆಯಲ್ಲಿ ಸಿಲಿಕಾನ್ ಅಂಟು ಹಾಕಿ ಕೂಡಿಸಿದ. ಒಳಗೇ ಹುಟ್ಟಿದ್ದು, ಹೊರಗಿನ ದಾರಿ ಕಂಡಿಲ್ಲ.

೬ ಫೆಬ್ರವರಿ, ಗುರುವಾರ

ನಯೀಮನನ್ನು ಕರೆಸಿದೆ. ಟೇಪು ಹಿಡಿದು ತೊಟ್ಟಿ ಅಳೆದ, ಬಾಗಿಲು ಅಳೆದ, ಮೆಟ್ಟಿಲ ತಿರುವಿಗೆ ಹೋಗಿ ಅಲ್ಲಿ ಅಳೆದ. ಬಂದು ತಲೆ ಕೆರೆದುಕೊಂಡ.

"ಇಡೀದು ಇಳಿಯಂಗಿಲ್ರೀ ಮಾಸ್ತರ. ತಿರುವಿನಾಗ ನೆಟ್ಟಗ ನಿಲ್ಲಿಸಬೇಕಾಗ್ತದ. ಅಷ್ಟು ಭಾರದ ಗಾಜು ನೆಟ್ಟಗ ನಿಲ್ಲಿಸಿದ್ರ ಅಂಟು ತಡಿಯಂಗಿಲ್ಲ. ಬ್ಲೇಡ್ ಹಾಕಿ ಬಿಚ್ಚಿಬಿಡೂಣು. ಐದು ಹಲಗಿ ಆಗ್ತಾವ, ಒಂದೊಂದ ಇಳಿಸೂದು. ಮಾನ್ವಿಗೆ ನಾನೇ ಬಂದು ಕೂಡಿಸಿ ಕೊಡ್ತೀನಿ."

"ಬಿಚ್ಚುವುದೇ!" ನಾನು ಎದ್ದು ನಿಂತೆ. "ನನ್ನ ಅರ್ಧಾಂಗಿಯ ಮಹಲನ್ನು ನನ್ನ ಕಣ್ಣೆದುರೇ ತುಂಡು ತುಂಡು ಮಾಡುವೆಯಾ?"

ತೊಟ್ಟಿಯೊಳಗೆ ಮೀನು ಬೆಚ್ಚಿ ಗಾಜಿಗೆ ಹಣೆ ಬಡಿದುಕೊಂಡಿತು. ಅದರ ಜಾತಿಯೇ ಅಷ್ಟು. ಆಸ್ಕರ್ ಅಂತೆ ಹೆಸರು. ಬೂದಿಯಲ್ಲಿ ಕೆಂಡ ಇಟ್ಟ ಹಾಗೆ ಮೈಬಣ್ಣ, ಅಂಗೈಗಿಂತ ದೊಡ್ಡದು. ಮಹಬೂಬಿಯ ಕೈಯಿಂದ ತಿನ್ನುತ್ತಿತ್ತು. ಬಾಯಿ ತೆಗೆಯುತ್ತದೆ, ಮುಚ್ಚುತ್ತದೆ, ಸದ್ದಿಲ್ಲ. ಅದಕ್ಕೇ ಅವಳು ಅದನ್ನು 'ಚುಪ್‌ಶಾ' ಎಂದು ಕರೆದಳು, ಮೌನ ಹಿಡಿದ ಫಕೀರನ ಹೆಸರಿನಂತೆ. ನಾನು ಮನೆಯಲ್ಲಿ ಮಾತು ಅಭ್ಯಾಸ ಮಾಡುವಾಗ ಹೀಗೇ ಹಣೆ ಬಡಿದುಕೊಳ್ಳುತ್ತಿತ್ತು. ಮಹಬೂಬಿ ಅಡುಗೆಮನೆಯಿಂದ ಬಂದು, ತುಟಿಯ ಮೇಲೆ ಬೆರಳಿಟ್ಟು, ತೊಟ್ಟಿಯ ಕಡೆ ಕಣ್ಣು ತೋರಿಸುತ್ತಿದ್ದಳು. ನಾನು ನಗುತ್ತಿದ್ದೆ. ಮೀನಿಗೂ ರಂಗಭಯ!

ನಯೀಮ್ ಟೇಪು ಸುತ್ತಿಕೊಂಡ. "ನಿಮ್ಮ ಇಷ್ಟರೀ. ನನ್ನ ಹೆಸರು ಮಾತ್ರ ಹೇಳಬ್ಯಾಡ್ರಿ."

ಹುಮೇರಾ ಫೋನು ಮಾಡಿದ್ದಳು. "ಅಬ್ಬಾ, ಭಾನುವಾರ ಬರ್ರಿ. ಅಮ್ಮಿ ಬಾಗಿಲ ಕಡೇನ ನೋಡ್ಕೋಂತ ಮಲಗಿರ್ತಾಳ."

ಭಾನುವಾರ ದೇವದುರ್ಗದಲ್ಲಿ ಕೆಲಸವಿದೆ ಎಂದೆ. ಅಕ್ವೇರಿಯಂ ಕೆಲಸವೇ. ಅದಿಲ್ಲದೆ ಬರಿಗೈಯಲ್ಲಿ ಹೋಗಿ ನಿಂತರೆ ನನ್ನ ಶಪಥ ಏನಾಯಿತು?

೯ ಫೆಬ್ರವರಿ, ಭಾನುವಾರ

ದೇವದುರ್ಗ! ನನ್ನ ರಂಗಭೂಮಿಯ ತವರೇ! ಬಸ್ಸು ಗಬ್ಬೂರು ದಾಟುತ್ತಲೇ ಎದೆ ಉಬ್ಬಿತು. ಸುಂಕಪ್ಪನ ಮನೆಗೆ ಹೋದೆ. ಒಂದು ಕಾಲದಲ್ಲಿ ಇವನು ನಮ್ಮ ಎಲ್ಲ ನಾಟಕಗಳ ರಾಣಿ. ಇವನು ಸೆರಗು ಹೊದ್ದು ರಂಗಕ್ಕೆ ಬಂದರೆ ಗಂಡಸರು ಸೀಟಿ ಮರೆತು ಕೂಡುತ್ತಿದ್ದರು. ಈಗ ಹಲ್ಲಿಲ್ಲ, ತಲೆಗೆ ಟವೆಲು, ಕಟ್ಟೆಯ ಮೇಲೆ ಕುಳಿತು ಶೇಂಗಾ ಬಿಡಿಸುತ್ತಿದ್ದ.

"ಬಾ ಲೇ ಮಹಾರಾಜಾ. ಸೊರಗೀಯಲ್ಲೋ. ಮಹಬೂಬಕ್ಕ ಹೆಂಗದಾಳ?"

ನಾನು ಅಕ್ವೇರಿಯಂ ವಿಷಯ ಹೇಳಿದೆ. ಮೆಟ್ಟಿಲು, ತಿರುವು, ಗಾಜಿನ ದಪ್ಪ, ನಯೀಮನ ಬ್ಲೇಡು, ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಬೀದಿಯ ನಾಲ್ಕು ಮಂದಿ ನಿಂತು ಕೇಳಿದರು. ಬಹಳ ದಿನಗಳ ಮೇಲೆ ಮನಸ್ಸು ಹಗುರವಾಯಿತು.

ಸುಂಕಪ್ಪ ಶೇಂಗಾ ಸಿಪ್ಪೆ ಊದಿದ. "ನಾಟಕದ ಅರಮನಿ ಎಂದಾದ್ರೂ ಇಡೀದು ಒಯ್ದೀವೇನೋ? ಆಟ ಮುಗೀತಂದ್ರ ಬಿಚ್ಚತಿದ್ವಿ, ಬಂಡಿಗಿ ಹೇರತಿದ್ವಿ. ಮುಂದಿನ ಊರಾಗ ಮತ್ತ ಅರಮನಿ."

"ಅದು ಬಟ್ಟೆಯ ಅರಮನೆ. ಇದು..."

"ಇದು ಗಾಜಿಂದು. ಇನ್ನೂ ಖರಾಬ." ಅವನು ನನ್ನನ್ನೇ ನೋಡಿದ. "ನಾ ಕೇಳಿದ್ದು ಅದಲ್ಲ. ಮಹಬೂಬಕ್ಕ ಹೆಂಗದಾಳ ಅಂದೆ."

"ಚೆನ್ನಾಗಿದ್ದಾಳೆ" ಎಂದೆ.

"ನೋಡಿ ಬಂದೀಯೇನು?"

ಇವನಿಗೆ ಮೊದಲಿನಿಂದಲೂ ಪೊಲೀಸನ ಪಾತ್ರ ಕೊಡಬೇಕಿತ್ತು. ನೀರು ಕೇಳಿದೆ, ಕುಡಿದೆ. ಅವನು ಅಟ್ಟ ಹತ್ತಿ ಒಂದು ಗಂಟು ಕೆಡವಿದ. ಬಿಚ್ಚಿದರೆ ನಮ್ಮ ಹಳೆಯ ದರ್ಬಾರು ಪರದೆ! ಕಂಬಗಳು, ತೋರಣ, ನಡುವೆ ಸಿಂಹಾಸನ. ಬಣ್ಣ ಸಿಪ್ಪೆಯೇಳುತ್ತಿದೆ, ಒಂದು ಮೂಲೆಗೆ ಇಲಿ ಹಲ್ಲು ಹಚ್ಚಿದೆ, ಆದರೆ ಬಟ್ಟೆ ಗಟ್ಟಿ.

"ಇದನ್ನ ಸುತ್ತಿ ಇಳಸು. ಹುಚ್ಚರಿಗಿ ಬುದ್ಧಿ ಹೇಳಾಕ ಆಗಂಗಿಲ್ಲ, ಹೊದಿಕಿ ಕೊಡಬಹುದು."

ಪರದೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಮಾನ್ವಿಯ ಬೀದಿಯಲ್ಲಿ ಗಾಡಿ ನಿಲ್ಲುತ್ತದೆ, ಪರದೆ ಸರಿಯುತ್ತದೆ, ಒಳಗೆ ಇಡೀ ಮಹಲು! ಮಹಬೂಬಿ ಬಾಗಿಲ ಕಡೆಗೇ ನೋಡುತ್ತಿರುತ್ತಾಳೆ. ಎಂಥ ಪ್ರವೇಶ!

೧೩ ಫೆಬ್ರವರಿ, ಗುರುವಾರ

ಶಬೇಬರಾತ್ ಹಬ್ಬಕ್ಕೆ ಬನ್ನಿ ಎಂದಿದ್ದಳು ಹುಮೇರಾ. ಹೋಗಲಾಗಲಿಲ್ಲ. ಹಮಾಲರನ್ನು ನೋಡಬೇಕಿತ್ತು.

ಅವಳು ಫೋನನ್ನು ತಾಯಿಯ ಕಿವಿಗೆ ಹಿಡಿದಳು. ನಾನು ಧೈರ್ಯ ತುಂಬುವ ಮಾತು ಹೇಳಿದೆ. ಬರೇ ಮಾತೇ? ಕಂದಪದ್ಯದ ಧಾಟಿಯಲ್ಲಿ ಏರಿಸಿ, ಇಳಿಸಿ, ಹಬ್ಬದ ಶುಭಾಶಯ ಸೇರಿಸಿ, ಒಂದು ಅಂಕದಷ್ಟು ಹೇಳಿದೆ. ಆ ಕಡೆಯಿಂದ ಏನೂ ಇಲ್ಲ. ಆಮೇಲೆ ಹುಮೇರಾಳ ದನಿ.

"ಸಾಕ್ರಿ ಅಬ್ಬಾ. ಆಕಿ ಮುಖ ಆ ಕಡೆ ಮಾಡ್ಯಾಳ."

ಆಸ್ಪತ್ರೆಯಲ್ಲೂ ಹೀಗೇ ಮಾಡಿದಳು. ನಾನು ಅವಳ ಹೆಸರು ಕೂಗಿ ಕೂಗಿ ಕರೆದೆ, ಹಳೆಯ ನಾಟಕದ ಮಾತೆಲ್ಲ ಹೇಳಿದೆ, ಪಕ್ಕದ ಹಾಸಿಗೆಯವರೂ ಎದ್ದು ಕುಳಿತರು. ಅವಳು ಗೋಡೆಯ ಕಡೆ ತಿರುಗಿದಳು. ಆ ವಾರ್ಡಿನ ಟ್ಯೂಬ್‌ಲೈಟು ನೇರ ಕಣ್ಣಿಗೆ ಬೀಳುತ್ತಿತ್ತು.

೧೬ ಫೆಬ್ರವರಿ, ಭಾನುವಾರ

ಇಡೀ ದಿನ ಮನೆ ತೆರವು ಮಾಡಿದೆ. ಮಹಬೂಬಿಯ ಸಂಸಾರವೆಂದರೆ ಡಬ್ಬಿಗಳ ಸೈನ್ಯ. ಬಚ್ಚಲ ಪಕ್ಕದಲ್ಲಿ ಅವಳ ಕೊಡಗಳ ಸಾಲು. ಬಾಯಿ ತೆರೆದು, ನೀರು ತುಂಬಿ, ಯಾವಾಗಲೂ ಅಲ್ಲೇ ನಿಂತಿರುತ್ತಿದ್ದವು. ನನ್ನ ಕಾಲ್ಬೆರಳಿಗೆ ಎಷ್ಟು ಸಲ ತಾಕಿವೆಯೋ! ನಲ್ಲಿ ತಿರುವಿದರೆ ನೀರು ಬರುವ ಮನೆಯಲ್ಲಿ ಈ ಪಾಳೆಯವೇಕೆ ಎಂದು ಎಷ್ಟೋ ಸಲ ಗರ್ಜಿಸಿದ್ದೆ. ಅವಳು ಹೋದ ಮೇಲೂ ಅವು ಹಾಗೇ ಇದ್ದವು. ತೊಟ್ಟಿಯ ನೀರು ಇಳಿದಾಗೆಲ್ಲ ಅವುಗಳಿಂದಲೇ ಹೊಯ್ದಿದ್ದೆ, ಹತ್ತಿರವಿದ್ದವೆಂದು. ಇಂದು ಉಳಿದ ನೀರನ್ನೆಲ್ಲ ಚೆಲ್ಲಿ, ಬೋರಲು ಹಾಕಿ, ಗೋಣಿಚೀಲಕ್ಕೆ ತುಂಬಿದೆ. ಬಚ್ಚಲು ಎಷ್ಟು ವಿಶಾಲವಾಯಿತು!

ಹಮಾಲರು ಗೊತ್ತಾದರು. ಗಂಜ್ ಮಾರುಕಟ್ಟೆಯ ಯಂಕಣ್ಣ ಮತ್ತು ಅವನ ಮೂವರು. ಅಕ್ಕಿ ಮಿಲ್ಲಿನಲ್ಲಿ ಚೀಲ ಹೊರುವವರು. ಯಂಕಣ್ಣ ತೊಟ್ಟಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನಕ್ಕ.

"ಚೀಲಾದ್ರ ಬೆನ್ನ ಮ್ಯಾಲೆ ಕುಂದರತದ. ಇದೇನ್ರೀ ಮಾಸ್ತರ, ಹಿಡಿಯಾಕ ಕಿವಿ ಇಲ್ಲ, ಬಾಲ ಇಲ್ಲ. ಮದಲಗಿತ್ತಿನ್ನ ಎತ್ತಿದಂಗ ಎತ್ತಬೇಕು."

ಅವನ ಜೊತೆಯ ಉಮೇಶ, "ನೀ ಯಾವಾಗ ಎತ್ತೀದಿ ಮಾವ ಮದಲಗಿತ್ತಿನ್ನ? ಅತ್ತಿ ನಿನ್ನ ಎತ್ತಿದ್ಲಂತ ಕೇಳೀನಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಈ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

೧೮ ಫೆಬ್ರವರಿ, ಮಂಗಳವಾರ

ಬರೆಯಲೇಬೇಕು. ಇಲ್ಲದಿದ್ದರೆ ಇದು ತಲೆಯಲ್ಲೇ ತಿರುಗುತ್ತಿರುತ್ತದೆ.

ಬೆಳಿಗ್ಗೆ ಹಮಾಲರು ಬರುವ ಮೊದಲೇ ಎದ್ದು ಚುಪ್‌ಶಾನನ್ನು ಬೇರೆ ಮಾಡಿದೆ. ನೀಲಿ ಪ್ಲಾಸ್ಟಿಕ್ ಡ್ರಮ್ಮೊಂದನ್ನು ತಿಕ್ಕಿ ತೊಳೆದು, ನಲ್ಲಿಯಿಂದ ತಾಜಾ ನೀರು ತುಂಬಿದೆ. ರಾಜನಿಗೆ ಪಾಚಿ ನೀರೇಕೆ? ಮಹಬೂಬಿಯ ಜಾಳಿಗೆಯಲ್ಲಿ ಹಿಡಿದು ಡ್ರಮ್ಮಿಗೆ ಬಿಟ್ಟು, ಗಾಳಿ ಊದುವ ಪಂಪನ್ನು ಹಚ್ಚಿದೆ. ಗುಳುಗುಳು ಎಂದು ಶುರುವಾಯಿತು. ಪೈಪಿನಿಂದ ತೊಟ್ಟಿಯ ನೀರನ್ನು ಬಚ್ಚಲಿಗೆ ಹರಿಸಿದೆ. ಖಾಲಿಯಾದ ಮೇಲೆ ಅದರೊಳಗೆ ಪಡಸಾಲೆಯ ಕಿಟಕಿ ಕಾಣಿಸಿತು, ಅದರಾಚೆ ನನ್ನದೇ ಮುಖ.

ಯಂಕಣ್ಣ ಬಂದ. ನಾಲ್ವರೂ ತೊಟ್ಟಿಯ ಕೆಳಗೆ ಎರಡು ಹಗ್ಗ ತೂರಿಸಿದರು. ನಾನು ದರ್ಬಾರು ಪರದೆ ಹೊದಿಸಿದೆ. ಸಿಂಹಾಸನದ ಚಿತ್ರ ಸರಿಯಾಗಿ ಮುಂದೆ ಬರುವಂತೆ. ಯಂಕಣ್ಣ ತನ್ನವರಿಗೆ ಹೇಳಿದ:

"ನೋಡ್ರಿಲೇ, ನಾ ಹೋ ಅಂದ್ರ ಒಂದು ಮೆಟ್ಲ. ನಾ ಸುಮ್ಮನಾದ್ರ ನೀವೂ ಕಲ್ಲು. ನನ್ನ ಬಾಯಿ ಒಂದು ಬಿಟ್ಟು ಯಾರ ಬಾಯೂ ಕೇಳಬಾರದು." ಆಮೇಲೆ ನನ್ನ ಕಡೆ ತಿರುಗಿ, "ಮಾಸ್ತರ, ನಿಮಗೂ" ಎಂದ.

"ನನಗೇ ರಂಗಶಿಸ್ತು ಹೇಳಿಕೊಡುತ್ತೀಯಾ ಯಂಕಣ್ಣ?" ಎಂದೆ.

"ನಿಮಗಲ್ರೀ, ನಿಮ್ಮ ಗಂಟಲಿಗಿ."

ಬಾಗಿಲು ದಾಟಿತು. ಮೊದಲನೇ ಇಳುಕಲು ದಾಟಿತು. ಯಂಕಣ್ಣನ 'ಹೋ' ಎಷ್ಟು ಸಣ್ಣದೆಂದರೆ ಅದು ಮಾತಲ್ಲ, ಉಸಿರು. ಒಂದು ಹೋ, ಒಂದು ಮೆಟ್ಟಿಲು. ನಡುವೆ ಅವರ ಏದುಸಿರು, ಹಗ್ಗದ ಕಿರುಗುಟ್ಟು. ದುರ್ಗಾ ಟೀಚರ್ ಬಾಗಿಲಲ್ಲಿ ನಿಂತಿದ್ದರು. "ಮಾಸ್ತರ, ಹಾಲು ಒಲಿ ಮ್ಯಾಲೆ ಇಟ್ಟು ಬಂದೀನಿ, ನಿಮ್ಮ ಆಟ ನೋಡಾಕ" ಎಂದು ಪಿಸುಗುಟ್ಟಿದರು. ಅವರೂ ಪಿಸುಗುಟ್ಟಿದರು. ಇಡೀ ಮೆಟ್ಟಿಲು ಹಾಗಿತ್ತು.

ತಿರುವು ಬಂತು. ಮಹಬೂಬಿ ಕೈ ಎತ್ತಿ ಮೇಲೆ ತೋರಿಸಿದ ಅದೇ ತಿರುವು. ಕೆಳಗಿನ ಇಬ್ಬರು ಬಗ್ಗಿದರು, ಮೇಲಿನ ಇಬ್ಬರು ಎತ್ತಿದರು, ತೊಟ್ಟಿ ಮೆಲ್ಲಗೆ ನೆಟ್ಟಗಾಗತೊಡಗಿತು. ಪರದೆಯ ಸಿಂಹಾಸನ ಓರೆಯಾಯಿತು. ಯಂಕಣ್ಣ ಸುಮ್ಮನಾದ. ಎಲ್ಲರೂ ಕಲ್ಲಾದರು. ಅವನು ಸಂದಿ ನೋಡುತ್ತಿದ್ದ. ನಾನು ಮೇಲಿನ ಮೆಟ್ಟಿಲಿನಿಂದ ನೋಡುತ್ತಿದ್ದೆ. ತೊಟ್ಟಿಯ ಮೂಲೆಗೂ ರೇಲಿಂಗಿನ ಕಬ್ಬಿಣಕ್ಕೂ ನಡುವೆ ಕೈ ಹೋಗುವಷ್ಟೂ ಜಾಗವಿರಲಿಲ್ಲ. ಮತ್ತೂ ಸಣ್ಣದಾಗುತ್ತಿರುವಂತೆ ಕಂಡಿತು. ಆ ಪ್ಲಾಸ್ಟಿಕ್ ಕುರ್ಚಿ, ದುಪಟ್ಟಾ, ಅವಳ ಎಡಗೈ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು.

"ನಿಲ್ಲಿರೀ!"

ಹೊಟ್ಟೆಯಾಳದಿಂದ ಬಂತು. ಊರಾಚೆಯ ಕಣಕ್ಕೆ ಕೇಳುವ ದನಿ. ಇಕ್ಕಟ್ಟಾದ ಗೋಡೆಗಳ ನಡುವೆ ಅದು ಸಿಡಿಲಿನಂತೆ ಬಡಿಯಿತು. ಕೆಳಗಿದ್ದ ಉಮೇಶ ಬೆಚ್ಚಿ ತಲೆಯೆತ್ತಿದ. ಹೆಗಲು ಅಲುಗಿತು. ಅಷ್ಟೇ.

ದೊಡ್ಡ ಸದ್ದಾಗಲಿಲ್ಲ. ಎಲ್ಲೋ ಒಳಗೆ 'ಟಕ್' ಎಂದಿತು, ಎಲುಬು ಮುರಿದಂತೆ. ಆಮೇಲೆ ಪರದೆಯೊಳಗೆ ಜಲಜಲ ಸುರಿಯಿತು. ಸಿಂಹಾಸನ ಕುಸಿದು ಚೀಲವಾಯಿತು. ಸುಂಕಪ್ಪನ ಬಟ್ಟೆ ಗಟ್ಟಿ. ಒಂದೆರಡು ಚೂರು ಬಿಟ್ಟರೆ ಎಲ್ಲವನ್ನೂ ಹಿಡಿದುಕೊಂಡಿತು. ಉಮೇಶನ ಅಂಗೈ ಕೊಯ್ದಿತ್ತು. ದುರ್ಗಾ ಟೀಚರ್ ಓಡಿಹೋಗಿ ಅರಿಶಿಣ, ಹಳೆ ಸೀರೆಯ ಚೂರು ತಂದರು. ಅವರ ಹಾಲು ಉಕ್ಕಿ ಸುಟ್ಟ ವಾಸನೆ ಮೆಟ್ಟಿಲ ತುಂಬ ಬಂತು.

ಯಂಕಣ್ಣ ಮೆಟ್ಟಿಲ ಮೇಲೆ ಕುಳಿತುಕೊಂಡ. ಬೈಯಲಿಲ್ಲ.

"ಯಾಕ ಒದರಿದ್ರಿ ಮಾಸ್ತರ? ಬಂದಿತ್ತಲ್ಲರೀ. ಅದು ಬಂದೇ ಬಿಟ್ಟಿತ್ತು."

ರೇಲಿಂಗು ಹಾಗೆ ಹೊರಚಾಚಿ ಕೂಡಿಸಿದವರದು ತಪ್ಪು. ಕಟ್ಟಡ ಕಟ್ಟಿದವರಿಗೆ ಬುದ್ಧಿ ಇರಬೇಕಿತ್ತು. ಇದನ್ನು ಬರೆದಿಟ್ಟಿರುತ್ತೇನೆ.

೧೯ ಫೆಬ್ರವರಿ, ಬುಧವಾರ

ಚುಪ್‌ಶಾ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುತ್ತಿದ್ದಾನೆ. ಒಂದು ಪಕ್ಕಕ್ಕೆ ವಾಲುತ್ತಾನೆ. ಕೊಟ್ಟ ಕಾಳು ಮುಟ್ಟಲಿಲ್ಲ. ಮೈಮೇಲಿನ ಕೆಂಡ ಬೂದಿಯಾಗುತ್ತಿದೆ.

ಹುಮೇರಾಳಿಗೆ ಫೋನು ಮಾಡಿದೆ. ತೊಟ್ಟಿ ಒಡೆದದ್ದನ್ನು ಹೇಳಿದೆ. ಮೀನಿನ ಸ್ಥಿತಿ ಹೇಳಿದೆ.

"ಯಾವ ನೀರಾಗ ಬಿಟ್ಟೀರಿ ಅಬ್ಬಾ?"

"ನಲ್ಲಿಯದು. ತಾಜಾ."

"ನಲ್ಲಿ ನೀರಾಗ ಬ್ಲೀಚಿಂಗ್ ಇರ್ತದಲ್ರೀ. ಅಮ್ಮಿ ಕೊಡದಾಗ ತುಂಬಿ, ಬಾಯಿ ತೆಗೆದು, ಒಂದಿನ ಹಂಗೇ ಇಟ್ಟು ಆಮ್ಯಾಲೆ ಹಾಕ್ತಿದ್ಲು. ಅದಕ್ಕೇ ಅಷ್ಟು ಕೊಡ ಇದ್ದದ್ದು. ಯಾಕಂತ ಒಮ್ಮೆನೂ ಕೇಳಿಲ್ಲೇನು ಆಕಿನ್ನ?"

ಗೋಣಿಚೀಲ ಬಿಚ್ಚಿ ಕೊಡಗಳನ್ನು ಹೊರತೆಗೆದೆ. ತುಂಬಿಸಿ ಸಾಲಾಗಿ ಇಟ್ಟೆ. ಬಾಯಿ ತೆರೆದು. ಒಂದು ದಿನ ಕಾಯಬೇಕು.

೨೦ ಫೆಬ್ರವರಿ, ಗುರುವಾರ

ಕಾಯಲಿಲ್ಲ ಅವನು.

ಹಿಂದಿನ ಅಂಗಳದಲ್ಲಿ, ಬೇವಿನ ಗಿಡದ ಬುಡದಲ್ಲಿ ಹೂಳಿದೆ. ದುರ್ಗಾ ಟೀಚರ್ ಕೆಳಗಿಳಿದು ಬಂದು ಪಕ್ಕದಲ್ಲಿ ನಿಂತಿದ್ದರು. ನಾನು ಏನಾದರೂ ಹೇಳುತ್ತೇನೆಂದು ಕಾದರೇನೋ. ಏನೂ ನೆನಪಾಗಲಿಲ್ಲ.

೨೩ ಫೆಬ್ರವರಿ, ಭಾನುವಾರ

ಸಾಮಾನೆಲ್ಲ ನಿನ್ನೆ ಮಾನ್ವಿಗೆ ಹೋಯಿತು. ವಸೀಮ್ ಗಾಡಿ ತಂದಿದ್ದ. "ಮಾಮೂ, ನೀವೂ ಹತ್ರಿ" ಎಂದ. ಕೀಲಿ ಕೊಡುವುದಿದೆ, ಮನೆ ಗುಡಿಸುವುದಿದೆ ಎಂದೆ. ಅವನು ಡ್ರಮ್ಮಿನ ಕಡೆ ನೋಡಿದ. ನಾನು ಮುಚ್ಚಳದ ಮೇಲೆ ಟವೆಲು ಹಾಕಿದ್ದೆ. ಪಂಪು ಓಡುತ್ತಿತ್ತು. "ಇದು?" ಎಂದ. ಇದನ್ನು ನಾನೇ ತರುತ್ತೇನೆ ಎಂದೆ. ಮೀನು ಹೋದ ಮೇಲೂ ಪಂಪನ್ನು ಆರಿಸಿಲ್ಲ. ಒಮ್ಮೆ ಆರಿಸಿ ನೋಡಿದೆ. ಮನೆ ಪೂರ್ತಿ ಖಾಲಿಯಾಯಿತು. ಮತ್ತೆ ಹಚ್ಚಿದೆ.

ಯಂಕಣ್ಣ ಉಮೇಶನನ್ನು ಕರೆದುಕೊಂಡು ಬಂದಿದ್ದ, ಗಾಯ ತೋರಿಸಲು. ಮಾಗುತ್ತಿದೆ. "ನೀವ್ ಚಿಂತಿ ಮಾಡಬ್ಯಾಡ್ರಿ, ಇವನಿಗಿ ವಾರ ಸೂಟಿ ಸಿಕ್ಕಂಗಾತು" ಎಂದ ಯಂಕಣ್ಣ. ಚಹಾ ಕುಡಿದು ಹೋದರು. ಹೋಗುವಾಗ ಬಾಗಿಲಲ್ಲಿ ನಿಂತು, "ಆರಾಮ ಇಲ್ಲೇನ್ರೀ ಮಾಸ್ತರ? ದನಿನ ಬರವಲ್ದು" ಎಂದ. ಆರಾಮವಾಗಿಯೇ ಇದ್ದೇನೆ.

ಮಧ್ಯಾಹ್ನ ಹುಮೇರಾ ಫೋನು ಮಾಡಿದಳು. ನಾನು ಡ್ರಮ್ಮಿನ ಪಕ್ಕ ನೆಲದ ಮೇಲೆ ಕುಳಿತಿದ್ದೆ. ಬೇರೆ ಎಲ್ಲಿಯೂ ಕೂಡಲು ಏನೂ ಉಳಿದಿಲ್ಲ.

"ಅಬ್ಬಾ, ಅಮ್ಮಿ ಕಿವಿ ಹತ್ರ ಇಟ್ಟೀನಿ. ಮಾತಾಡ್ರಿ."

ಬಾಯಿ ತೆರೆದೆ. ಮೀನು ಸತ್ತಿತು ಎಂದು ಹೇಳಬೇಕಿತ್ತು. ಅದನ್ನು ಯಾವ ಧಾಟಿಯಲ್ಲಿ ಹೇಳಬೇಕೋ ತಿಳಿಯಲಿಲ್ಲ. ಬಾಯಿ ಮುಚ್ಚಿದೆ. ಮತ್ತೆ ತೆರೆದೆ. ಎಷ್ಟು ಹೊತ್ತೋ ಹಾಗೇ. ಪಂಪು ಒಂದೇ ಗುಳುಗುಳು ಎನ್ನುತ್ತಿತ್ತು.

"ಅಬ್ಬಾ." ಹುಮೇರಾಳ ದನಿ ಬೇರೆಯಾಗಿತ್ತು. "ಅಬ್ಬಾ, ಅಮ್ಮಿ ಈ ಕಡೆ ತಿರುಗಿದ್ಲು."

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ತಾನೇ ತಿರುಗಿದ್ಲು. ಫೋನ್ ಮ್ಯಾಲೆ ಕೈ ಇಟ್ಟಾಳ. ಅದು ಚುಪ್‌ಶಾನ ಪಂಪ್ ಸಪ್ಪಳ ಅಲ್ಲೇನು? ಹಂಗೇ ಇರ್ಲಿ. ಮಾತಾಡಬ್ಯಾಡ್ರಿ, ಏನೂ ಮಾತಾಡಬ್ಯಾಡ್ರಿ ಅಬ್ಬಾ."

ಮಾತಾಡಲಿಲ್ಲ. ಟವೆಲು ಸರಿಸಿ, ಮುಚ್ಚಳ ತೆಗೆದು, ಫೋನನ್ನು ನೀರಿನ ಹತ್ತಿರ ಹಿಡಿದೆ. ಕೆಳಗೆ ಖಾಲಿ ನೀರು ಕುದಿಯುವಂತೆ ಗುಳ್ಳೆಯೇಳುತ್ತಿತ್ತು. ಕೈ ಸೋತಿತು, ಇನ್ನೊಂದು ಕೈಗೆ ಬದಲಾಯಿಸಿದೆ. ಆ ಕಡೆಯಿಂದ ಏನೋ ಕೇಳಿಸಿತು. ಮೊದಲು ಗಾಳಿ ಎಂದುಕೊಂಡೆ. ಮಹಬೂಬಿಯ ಉಸಿರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅದು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಒಳಗೆ ಹೋಗುವಾಗ ಸ್ವಲ್ಪ ತಡೆಯುತ್ತದೆ.

ಫೋನಿನ ಚಾರ್ಜು ಮುಗಿಯುವವರೆಗೂ ಹಿಡಿದಿದ್ದೆ.

ಅವಳು ಆ ಕಡೆ, ಮೀನು ಬದುಕಿದೆ ಎಂದುಕೊಂಡು ಮಲಗಿದ್ದಾಳೆ.

ಈಗ ಸಂಜೆ. ಪಂಪನ್ನು ಆರಿಸಿದೆ, ಒರೆಸಿ ಒಣಗಲು ಇಟ್ಟೆ. ಡ್ರಮ್ಮನ್ನು ಬಗ್ಗಿಸಿ ನೀರು ಚೆಲ್ಲಿದೆ. ಪರದೆಯಿಂದ ಗಾಜಿನ ಚೂರುಗಳನ್ನೆಲ್ಲ ಕೊಡವಿ, ಸುಂಕಪ್ಪನಿಗೆ ಮರಳಿಸಲು ಮಡಿಚಿ ದುರ್ಗಾ ಟೀಚರ ಮನೆಯಲ್ಲಿ ಇಟ್ಟುಬಂದೆ.

ನಾಳೆ ಬೆಳಿಗ್ಗೆ ಅವರಿಗೇ ಕೀಲಿ ಕೊಟ್ಟು ಮೊದಲ ಬಸ್ಸಿಗೆ ಮಾನ್ವಿಗೆ ಹೋಗುತ್ತೇನೆ. ಪಂಪನ್ನು ಟವೆಲಿನಲ್ಲಿ ಸುತ್ತಿ ಕೈಚೀಲದಲ್ಲಿ ಒಯ್ಯುತ್ತೇನೆ. ಹುಮೇರಾಳನ್ನು ಒಂದು ಕೊಡ ಕೇಳಿ, ನೀರು ತುಂಬಿ, ಮಹಬೂಬಿಯ ಎಡಗೈ ತಾಗುವ ಕಡೆ ಇಟ್ಟು, ಪಂಪು ಹಚ್ಚುತ್ತೇನೆ. ಅವಳು ಕೊಡದೊಳಗೆ ಇಣುಕುವ ಮೊದಲು, ಕಿವಿಯ ಹತ್ತಿರ ಬಗ್ಗಿ, ಚುಪ್‌ಶಾ ಇಲ್ಲ ಎಂದು ಹೇಳುತ್ತೇನೆ. ಅವಳು ಗೋಡೆಯ ಕಡೆ ತಿರುಗಿದರೆ, ತಿರುಗಲಿ. ಆ ಕಡೆಗೇ ಚಾಪೆ ಹಾಕಿಕೊಂಡು ಸುಮ್ಮನೆ ಕೂಡುತ್ತೇನೆ.